ತರಗತಿಯಿಂದ ಪೊಲೀಸ್ ಕಾರಿಗೆ: ಅಮೆರಿಕದ ಕಪ್ಪು ಮಕ್ಕಳು ಮತ್ತು ಕಳೆದುಹೋಗುವ ಮತಗಳು

ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಮೆರಿಡಿಯನ್ ಅಂತ ಒಂದು ಊರಿದೆ. 2012ರಲ್ಲಿ ಅಲ್ಲಿನ ಕೇಂದ್ರ ನ್ಯಾಯ ಇಲಾಖೆ ಈ ಊರಿನ ಆಡಳಿತದ ಮೇಲೆ, ಮಕ್ಕಳ ನ್ಯಾಯಾಲಯದ ನ್ಯಾಯಾಧೀಶರ ಮೇಲೆ, ರಾಜ್ಯ ಸರ್ಕಾರದ ಮೇಲೂ ಕೇಸು ಹಾಕಿತು. ಕಾರಣ ಇಷ್ಟೇ. ಶಾಲೆಯವರು ಒಂದು ಫೋನ್ ಮಾಡಿದರೆ ಸಾಕು, ಪೊಲೀಸರು ಬಂದು ಮಕ್ಕಳನ್ನು ಬಂಧಿಸಿ ಕರೆದುಕೊಂಡು ಹೋಗುತ್ತಿದ್ದರು. ಮಗು ಮಾಡಿದ್ದೇನು, ಅದು ಅಪರಾಧವೇ ಅಂತ ವಿಚಾರಿಸುತ್ತಲೇ ಇರಲಿಲ್ಲ. ಅಲ್ಲಿನ ಪೊಲೀಸ್ ಅಧಿಕಾರಿಗಳೇ ತಮ್ಮ ಕೆಲಸವನ್ನು 'ಟ್ಯಾಕ್ಸಿ ಸೇವೆ' ಅಂತ ಕರೆದುಕೊಂಡಿದ್ದು ತನಿಖೆಯ ದಾಖಲೆಯಲ್ಲಿದೆ. ಶಾಲೆಯಿಂದ ನೇರವಾಗಿ ಮಕ್ಕಳ ಜೈಲಿಗೆ. ನಾವು ರಿಮಾಂಡ್ ಹೋಮ್ ಅಂತೀವಲ್ಲ, ಹೆಚ್ಚುಕಡಿಮೆ ಅಂಥ ಜಾಗ.

ಆ ಮಕ್ಕಳ ತಪ್ಪುಗಳ ಪಟ್ಟಿಯೂ ಅದೇ ದಾಖಲೆಗಳಲ್ಲಿದೆ. ಸಮವಸ್ತ್ರದ ನಿಯಮ ಮೀರಿದ್ದು. ಎದುರು ಮಾತಾಡಿದ್ದು. ಕೆಟ್ಟ ಪದ ಬಳಸಿದ್ದು. ಕ್ಲಾಸಿನಲ್ಲಿ ಹೂಸು ಬಿಟ್ಟಿದ್ದು. ಇದನ್ನು ಓದಿದಾಗ ನಂಬೋಕೆ ಆಗಲ್ಲ. ಆದರೆ ಒಂದು ದೇಶದ ಸರ್ಕಾರವೇ ಬರೆದಿಟ್ಟ ಮಾತು ಇದು. ಕೈಕೋಳ ಹಾಕಿಸಿಕೊಂಡವರಲ್ಲಿ ಬಹುಪಾಲು ಕಪ್ಪು ಮಕ್ಕಳು, ಮತ್ತು ಅಂಗವೈಕಲ್ಯ ಅಥವಾ ಕಲಿಕೆಯ ತೊಂದರೆ ಇದ್ದ ಮಕ್ಕಳು.

ಇನ್ನೂ ಕೆಟ್ಟದ್ದು ಮುಂದಿನ ಹಂತ. ಒಮ್ಮೆ ನ್ಯಾಯಾಲಯಕ್ಕೆ ಹೋದ ಮಗುವನ್ನು 'ಪ್ರೊಬೇಷನ್' ಮೇಲೆ ಬಿಡುತ್ತಾರೆ. ಅಂದರೆ, ನಡತೆ ಸರಿ ಇಟ್ಟುಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಮನೆಗೆ ಕಳಿಸುತ್ತಾರೆ. ಆಮೇಲೆ ಆ ಮಗು ಶಾಲೆಯಲ್ಲಿ ಯಾವ ಸಣ್ಣ ಕಾರಣಕ್ಕೆ ಸಸ್ಪೆಂಡ್ ಆದರೂ ಷರತ್ತು ಮುರಿದಂತೆ. ಸಸ್ಪೆಂಡ್ ಆದ ದಿನಗಳನ್ನು ಮನೆಯಲ್ಲಿ ಅಲ್ಲ, ಮಕ್ಕಳ ಜೈಲಿನಲ್ಲಿ ಕಳೆಯಬೇಕಿತ್ತು. ಹೀಗೆ ಒಂದು ಅಂಗಿಯ ಬಣ್ಣ ಜೈಲುವಾಸ ಆಗುತ್ತದೆ. ಶಾಲೆ, ಪೊಲೀಸ್, ನ್ಯಾಯಾಲಯ, ಜೈಲು, ಮತ್ತೆ ಶಾಲೆ. ಗಾಣದ ಎತ್ತಿನ ಹಾಗೆ ಮಗು ಅದರಲ್ಲೇ ಸುತ್ತುತ್ತದೆ.

ಇದಕ್ಕೆ ಅಮೆರಿಕದಲ್ಲಿ ಒಂದು ಹೆಸರಿದೆ: 'ಶಾಲೆಯಿಂದ ಜೈಲಿಗೆ ಪೈಪ್‌ಲೈನ್'. ಶಾಲೆಯ ಶಿಸ್ತಿನ ವಿಷಯವನ್ನು ಅಪರಾಧದ ವಿಷಯವಾಗಿ ಮಾಡಿಬಿಡುವ ನಿಯಮಗಳು, ಪೊಲೀಸರು, ನ್ಯಾಯಾಲಯಗಳು ಎಲ್ಲ ಸೇರಿ ಆಗಿರುವ ಒಂದು ಕೊಳವೆ. ಒಂದು ತುದಿಯಲ್ಲಿ ಮಗು ಒಳಗೆ ಹೋಗುತ್ತದೆ, ಇನ್ನೊಂದು ತುದಿಯಲ್ಲಿ ಕೈದಿ ಹೊರಗೆ ಬರುತ್ತಾನೆ.

ನಮ್ಮಲ್ಲಿ ಬಹಳ ಜನಕ್ಕೆ ಶಾಲೆಯ ಶಿಕ್ಷೆ ಅಂದರೆ ನೆನಪಾಗೋದು ಬೆಂಚಿನ ಮೇಲೆ ನಿಲ್ಲಿಸಿದ್ದು, ಬಸ್ಕಿ ಹೊಡೆಸಿದ್ದು, ಜಾಸ್ತಿ ಆದರೆ ಹೆಡ್‌ಮಾಸ್ಟರು 'ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ' ಅಂದಿದ್ದು. ಅದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಮಕ್ಕಳಿಗೆ ಹೊಡೆಯೋದು ತಪ್ಪೇ. ಆದರೆ ಅಲ್ಲಿ ಒಂದು ಗೆರೆ ಇತ್ತು. ವಿಷಯ ಎಷ್ಟೇ ದೊಡ್ಡದಾದರೂ ಹೆಡ್‌ಮಾಸ್ಟರ ಕೊಠಡಿಯಲ್ಲಿ ಮುಗಿಯುತ್ತಿತ್ತು. ಅಮೆರಿಕದಲ್ಲಿ ಅಳಿಸಿಹೋಗಿದ್ದು ಆ ಗೆರೆ.

ಅದು ಅಳಿಸಿಹೋಗಿದ್ದು ಹೇಗೆ?

ಅಮೆರಿಕದ ಶಾಲೆಗಳಲ್ಲಿ ಮೊದಲು ಪೊಲೀಸರು ಇರುತ್ತಿರಲಿಲ್ಲ. 1950ರ ದಶಕದಲ್ಲಿ ಮಿಷಿಗನ್‌ನ ಫ್ಲಿಂಟ್ ಎಂಬ ಊರಿನಲ್ಲಿ, ಮಕ್ಕಳಿಗೂ ಪೊಲೀಸರಿಗೂ ಸ್ನೇಹ ಬೆಳೆಯಲಿ ಅಂತ ಇದನ್ನು ಸಣ್ಣದಾಗಿ ಶುರು ಮಾಡಿದರು. ದೊಡ್ಡ ತಿರುವು ಬಂದಿದ್ದು 1990ರ ದಶಕದಲ್ಲಿ. ಆಗ ಊರೂರಲ್ಲಿ ಅಪರಾಧದ ಭಯ. 1982ರಿಂದಲೇ 'ಒಡೆದ ಕಿಟಕಿ' ಅನ್ನೋ ವಾದ ಚಾಲ್ತಿಯಲ್ಲಿತ್ತು: ಸಣ್ಣ ತಪ್ಪನ್ನು ಬಿಟ್ಟರೆ ಅದೇ ದೊಡ್ಡ ಅಪರಾಧಕ್ಕೆ ದಾರಿ, ಆದ್ದರಿಂದ ಸಣ್ಣದನ್ನೇ ಹಿಡಿದು ಬಡಿಯಬೇಕು. 1995ರಲ್ಲಿ ಜಾನ್ ಡಿಯುಲಿಯೊ ಎಂಬ ರಾಜಕೀಯ ಶಾಸ್ತ್ರಜ್ಞ 'ಸೂಪರ್ ಪ್ರಿಡೇಟರ್' ಎಂಬ ಪದ ತಂದರು. ಕರುಣೆಯೇ ಇಲ್ಲದ, ಬೇಟೆಯಾಡುವ ಹುಡುಗರ ಒಂದು ಪೀಳಿಗೆ ಬರುತ್ತಿದೆ ಅಂತ ಎಚ್ಚರಿಕೆ. ಟಿವಿ, ಪತ್ರಿಕೆ ಎಲ್ಲ ಕಡೆ ಅದೇ ಮಾತು. ಆ ಮಾತು ಕೇಳಿದ ಜನರ ಕಣ್ಣ ಮುಂದೆ ಬಂದ ಮುಖ ಕಪ್ಪು ಹುಡುಗನದು.

ಅಂಥ ಪೀಳಿಗೆ ಬರಲೇ ಇಲ್ಲ. ಎಳೆಯರ ಅಪರಾಧ 1990ರ ದಶಕದ ಮಧ್ಯದಿಂದ ಇಳಿಯುತ್ತಾ ಹೋಯಿತು. ಡಿಯುಲಿಯೊ ಕೂಡ ಆಮೇಲೆ ತಮ್ಮ ಅಂದಾಜು ತಪ್ಪಾಗಿತ್ತು ಅಂತ ಒಪ್ಪಿಕೊಂಡರು. ಅಷ್ಟರಲ್ಲಿ ಕಾನೂನುಗಳು ಬಂದಾಗಿತ್ತು.

1994ರ ಕಾನೂನು ಅದರಲ್ಲಿ ಮುಖ್ಯ. ಶಾಲೆಗೆ ಬಂದೂಕು ತಂದ ವಿದ್ಯಾರ್ಥಿಯನ್ನು ಕನಿಷ್ಠ ಒಂದು ವರ್ಷ ಹೊರಗೆ ಹಾಕಬೇಕು, ಇಲ್ಲದಿದ್ದರೆ ಕೇಂದ್ರದ ಹಣ ಬರಲ್ಲ ಅಂತ ಅದು ಹೇಳಿತು. ಬಂದೂಕಿನ ವಿಷಯಕ್ಕೆ ಇಷ್ಟು ಕಠಿಣವಾಗಿರೋದು ಯಾರಿಗಾದರೂ ಸರಿ ಅನಿಸುತ್ತದೆ. ಆದರೆ ರಾಜ್ಯಗಳು, ಶಾಲಾ ಮಂಡಳಿಗಳು ಅದೇ ಅಳತೆಗೋಲನ್ನು ಜಗಳಕ್ಕೆ, ಬೈಗುಳಕ್ಕೆ, 'ಅವಿಧೇಯತೆ'ಗೆ ಎಲ್ಲಕ್ಕೂ ಎಳೆದವು. ಇದಕ್ಕೆ 'ಜೀರೋ ಟಾಲರೆನ್ಸ್' ಅಂತ ಹೆಸರು. ಸಂದರ್ಭ ನೋಡೋದಿಲ್ಲ, ಮಗುವಿನ ವಯಸ್ಸು ನೋಡೋದಿಲ್ಲ, ಮನೆಯಲ್ಲಿ ಏನಾಗಿದೆ ಕೇಳೋದಿಲ್ಲ. ಗುಬ್ಬಚ್ಚಿ ಮೇಲೆ ಬ್ರಹ್ಮಾಸ್ತ್ರ.

1999ರ ಏಪ್ರಿಲ್ 20ರಂದು ಕೊಲರಾಡೊದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ 12 ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ದೇಶವೇ ನಡುಗಿತು. ಕೇಂದ್ರ ಸರ್ಕಾರ ಶಾಲೆಗಳಲ್ಲಿ ಪೊಲೀಸರನ್ನು ಇಡಲು ಕೋಟಿಗಟ್ಟಲೆ ಡಾಲರ್ ಕೊಟ್ಟಿತು. ಇಲ್ಲಿ ಒಂದು ವಿಷಯ ಗಮನಿಸಬೇಕು. ಕೊಲಂಬೈನ್ ಬಹುತೇಕ ಬಿಳಿಯರೇ ಇದ್ದ, ಅನುಕೂಲಸ್ಥರ ಬಡಾವಣೆಯ ಶಾಲೆ. ಅಲ್ಲಿ ಅವತ್ತೂ ಒಬ್ಬ ಪೊಲೀಸ್ ಅಧಿಕಾರಿ ನಿಯೋಜನೆಯಲ್ಲಿದ್ದರು. ಆದರೆ ಆಮೇಲೆ ಬಂದ ಪೊಲೀಸರು, ಲೋಹಶೋಧಕ ಬಾಗಿಲುಗಳ ಭಾರ ಹೆಚ್ಚಾಗಿ ಬಿದ್ದಿದ್ದು ಕಪ್ಪು ಮತ್ತು ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳು ಓದುವ ನಗರದ ಶಾಲೆಗಳ ಮೇಲೆ. ಗುಂಡಿನಿಂದ ಕಾಪಾಡಲು ಬಂದವರಿಗೆ ದಿನನಿತ್ಯ ಸಿಕ್ಕ ಕೆಲಸ ಕಾರಿಡಾರಿನ ಗಲಾಟೆ ನಿಲ್ಲಿಸೋದು.

ಈಗ ಎಲ್ಲರ ಮನಸ್ಸಿನಲ್ಲೂ ಏಳುವ ಪ್ರಶ್ನೆಗೆ ಬರೋಣ. ಕಪ್ಪು ಮಕ್ಕಳು ಜಾಸ್ತಿ ತಪ್ಪು ಮಾಡ್ತಾರೆ, ಅದಕ್ಕೇ ಜಾಸ್ತಿ ಶಿಕ್ಷೆ ಅಲ್ವಾ? ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಬಾಯಲ್ಲೂ ಈ ಮಾತು ಬರೋದುಂಟು. ಅದನ್ನು ಸುಮ್ನೆ ತಳ್ಳಿಹಾಕದೆ, ನಿಧಾನವಾಗಿ ನೋಡಬೇಕು.

ಮೊದಲು ಅಂಕಿಗಳು. ಅಮೆರಿಕದ ಶಿಕ್ಷಣ ಇಲಾಖೆ ದೇಶದ ಎಲ್ಲ ಸರ್ಕಾರಿ ಶಾಲೆಗಳಿಂದ ಈ ಮಾಹಿತಿ ಸಂಗ್ರಹಿಸುತ್ತದೆ. 2017–18ರಲ್ಲಿ ಕಪ್ಪು ಮಕ್ಕಳು ಒಟ್ಟು ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 15 ಇದ್ದರು. ಶಾಲೆಯಲ್ಲಿ ಬಂಧನಕ್ಕೊಳಗಾದವರಲ್ಲಿ ಅವರ ಪಾಲು ಸುಮಾರು ಶೇ. 32. ಅದಕ್ಕೆ ಎರಡು ವರ್ಷ ಮೊದಲು, 2015–16ರಲ್ಲಿ, ಬಂಧನಕ್ಕೊಳಗಾದ ಅಥವಾ ಪೊಲೀಸರಿಗೆ ಒಪ್ಪಿಸಲಾದ ಮಕ್ಕಳ ಒಟ್ಟು ಸಂಖ್ಯೆ 2 ಲಕ್ಷ 90 ಸಾವಿರದಷ್ಟು.

ಇದರಲ್ಲಿ ನನ್ನನ್ನು ತುಂಬಾ ಕಾಡುವ ಅಂಕಿ ಇನ್ನೊಂದು. ಅದು ಪ್ರೀಸ್ಕೂಲಿನದು, ಅಂದರೆ ನಮ್ಮ ಅಂಗನವಾಡಿ, ಎಲ್‌ಕೆಜಿ ವಯಸ್ಸಿನ ಮಕ್ಕಳದು. 2013–14ರಲ್ಲಿ ಪ್ರೀಸ್ಕೂಲಿನಲ್ಲಿ ಕಪ್ಪು ಮಕ್ಕಳು ಶೇ. 19 ಇದ್ದರು. ಸಸ್ಪೆಂಡ್ ಆದ ಪ್ರೀಸ್ಕೂಲ್ ಮಕ್ಕಳಲ್ಲಿ ಶೇ. 47 ಅವರೇ. ಮೂರು ನಾಲ್ಕು ವರ್ಷದ ಮಗು ಅಂಥದ್ದೇನು ಮಾಡೀತು? ಅಳುತ್ತೆ, ಕಚ್ಚುತ್ತೆ, ಆಟಿಕೆ ಎಸೆಯುತ್ತೆ. ಎಲ್ಲ ಬಣ್ಣದ ಮಕ್ಕಳೂ ಅದನ್ನೇ ಮಾಡುತ್ತವೆ.

ಬಡತನವೇ ಕಾರಣ ಇರಬಹುದಾ? ಅಮೆರಿಕ ಸಂಸತ್ತಿನ ಲೆಕ್ಕ ಪರಿಶೋಧನಾ ಸಂಸ್ಥೆ 2018ರಲ್ಲಿ ಇದನ್ನು ಪರಿಶೀಲಿಸಿತು. ಶಾಲೆ ಇರುವುದು ಬಡ ಪ್ರದೇಶದಲ್ಲಾಗಲಿ, ಸ್ಥಿತಿವಂತರ ಪ್ರದೇಶದಲ್ಲಾಗಲಿ, ಯಾವ ಬಗೆಯ ಶಾಲೆಯಾಗಲಿ, ಕಪ್ಪು ಮಕ್ಕಳಿಗೆ ಅವರ ಸಂಖ್ಯೆಗೆ ಮೀರಿದ ಶಿಕ್ಷೆ ಎಲ್ಲ ಕಡೆಯೂ ಕಂಡಿತು.

ಹಾಗಾದರೆ ತಪ್ಪಿನ ಸ್ವರೂಪವೇ ಬೇರೆಯಾ? ಇಂಡಿಯಾನಾ ವಿಶ್ವವಿದ್ಯಾಲಯದ ರಸೆಲ್ ಸ್ಕಿಬಾ ಮತ್ತು ಅವರ ಜೊತೆಗಾರರು 2002ರಲ್ಲಿ ಇದನ್ನೇ ನೋಡಿದರು. ಬಿಳಿ ಮಕ್ಕಳನ್ನು ಹೆಡ್‌ಮಾಸ್ಟರ ಬಳಿ ಕಳಿಸಿದ್ದು ಸಿಗರೇಟು ಸೇದಿದ್ದಕ್ಕೆ, ಹೇಳದೆ ಶಾಲೆ ಬಿಟ್ಟು ಹೋಗಿದ್ದಕ್ಕೆ, ಶಾಲೆಯ ವಸ್ತು ಒಡೆದಿದ್ದಕ್ಕೆ. ಇವೆಲ್ಲ ಕಣ್ಣಿಗೆ ಕಾಣುವ ತಪ್ಪುಗಳು. ಕಪ್ಪು ಮಕ್ಕಳನ್ನು ಕಳಿಸಿದ್ದು 'ಅಗೌರವ'ಕ್ಕೆ, 'ಜಾಸ್ತಿ ಸದ್ದು' ಮಾಡಿದ್ದಕ್ಕೆ, 'ಬೆದರಿಕೆ' ಹಾಕಿದ್ದಕ್ಕೆ, ಸುಮ್ನೆ ಅಲ್ಲಿ ಇಲ್ಲಿ ನಿಂತಿದ್ದಕ್ಕೆ. ಸಿಗರೇಟು ಸೇದಿದ್ದನ್ನು ಯಾರು ಬೇಕಾದರೂ ನೋಡಬಹುದು. ಅಗೌರವ ಇರೋದು ನೋಡುವವರ ಮನಸ್ಸಿನಲ್ಲಿ. ಒಂದೇ ದನಿಯಲ್ಲಿ ಇಬ್ಬರು ಮಾತಾಡಿದರೂ ಒಬ್ಬ 'ಚುರುಕು', ಇನ್ನೊಬ್ಬ 'ಉದ್ಧಟ' ಆಗಿಬಿಡಬಹುದು.

2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಜೇಸನ್ ಒಕೊನೊಫುವಾ ಮತ್ತು ಜೆನ್ನಿಫರ್ ಎಬರ್‌ಹಾರ್ಟ್ ಇದಕ್ಕೆ ಒಂದು ಪ್ರಯೋಗ ಮಾಡಿದರು. ಶಿಕ್ಷಕರ ಕೈಗೆ ಒಬ್ಬ ವಿದ್ಯಾರ್ಥಿಯ ಎರಡು ಸಣ್ಣ ತಪ್ಪುಗಳ ವರದಿ ಕೊಟ್ಟರು. ವರದಿ ಒಂದೇ, ಹೆಸರು ಮಾತ್ರ ಬೇರೆ. ಕೆಲವರಿಗೆ ಕೊಟ್ಟ ಪ್ರತಿಯಲ್ಲಿ ಕಪ್ಪು ಸಮುದಾಯದಲ್ಲಿ ಕೇಳಿಬರುವ ಹೆಸರು, ಉಳಿದವರದ್ದರಲ್ಲಿ ಬಿಳಿಯರ ಹೆಸರು. ಮೊದಲ ತಪ್ಪಿಗೆ ಶಿಕ್ಷಕರ ಪ್ರತಿಕ್ರಿಯೆಯಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಎರಡನೇ ತಪ್ಪಿಗೆ ಬಂದಾಗ, ಕಪ್ಪು ಹೆಸರಿನ ಹುಡುಗನ ವಿಷಯದಲ್ಲಿ ಅವರಿಗೆ ಹೆಚ್ಚು ಕಸಿವಿಸಿಯಾಯಿತು. ಹೆಚ್ಚು ಕಠಿಣ ಶಿಕ್ಷೆ ಬೇಕು ಅನಿಸಿತು. ಇವನದ್ದು ಇದೇ ಚಾಳಿ ಅಂತ ಅವರು ತೀರ್ಮಾನಿಸಿದರು. ಒಬ್ಬ ಹುಡುಗನಿಗೆ ಎರಡು ತಪ್ಪು ಎರಡೇ ತಪ್ಪಾಗಿ ಉಳಿದವು. ಇನ್ನೊಬ್ಬನಿಗೆ ಅವೇ ಅವನ ಸ್ವಭಾವ ಆದವು. ಈ ಶಿಕ್ಷಕರು ಕೆಟ್ಟವರಲ್ಲ. ಅದೇ ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದ ಮಾತು. ದ್ವೇಷ ಇಲ್ಲದ ಜನರಿಂದಲೂ ಈ ಕೆಲಸ ಆಗುತ್ತದೆ.

ಟೆಕ್ಸಾಸ್ ರಾಜ್ಯದ ದೊಡ್ಡ ಅಧ್ಯಯನವೊಂದು 2011ರಲ್ಲಿ ಬಂತು. ಹತ್ತಿರ ಹತ್ತಿರ 10 ಲಕ್ಷ ಮಕ್ಕಳನ್ನು ಏಳನೇ ತರಗತಿಯಿಂದ ಆರು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿದ ಅಧ್ಯಯನ ಅದು. ಸುಮಾರು ಶೇ. 60 ಮಕ್ಕಳು ಒಮ್ಮೆಯಾದರೂ ಸಸ್ಪೆಂಡ್ ಆಗಿದ್ದರು ಅಥವಾ ಶಾಲೆಯಿಂದ ಹೊರಬಿದ್ದಿದ್ದರು. ಕಾನೂನೇ ಕಡ್ಡಾಯ ಮಾಡಿದ ಶಿಕ್ಷೆಗಳು ಇವುಗಳಲ್ಲಿ ಶೇ. 3 ಮಾತ್ರ. ಉಳಿದದ್ದೆಲ್ಲ ಶಾಲೆಯ ವಿವೇಚನೆಗೆ ಬಿಟ್ಟಿದ್ದು. ಇನ್ನೆಲ್ಲ ಅಂಶಗಳನ್ನು ಸಮ ಮಾಡಿ ನೋಡಿದರೂ, ಈ ವಿವೇಚನೆಯ ಶಿಕ್ಷೆ ಕಪ್ಪು ಮಕ್ಕಳಿಗೆ ಬೀಳುವ ಸಾಧ್ಯತೆ ಶೇ. 31ರಷ್ಟು ಹೆಚ್ಚಿತ್ತು. ಹೀಗೆ ಶಿಕ್ಷೆಯಾದ ಮಗು ಮುಂದಿನ ವರ್ಷ ಮಕ್ಕಳ ನ್ಯಾಯಾಲಯದ ಮೆಟ್ಟಿಲು ಹತ್ತುವ ಸಾಧ್ಯತೆ ಹೆಚ್ಚುಕಡಿಮೆ ಮೂರು ಪಟ್ಟು.

ನಮ್ಮಲ್ಲಿ 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಅಂತಾರೆ. ಕಠಿಣ ಶಿಸ್ತಿನ ಪರ ಇರುವ ಅಮೆರಿಕನ್ನರ ನಂಬಿಕೆಯೂ ಇದೇ. ಅದು ನಿಜವೇ ಅಂತ ಪರೀಕ್ಷಿಸಲು ನಾರ್ತ್ ಕ್ಯಾರೊಲಿನಾದ ಷಾರ್ಲಟ್ ನಗರದಲ್ಲಿ ಒಂದು ಅವಕಾಶ ತಾನಾಗಿ ಒದಗಿತು. 2002ರಲ್ಲಿ ಅಲ್ಲಿ ಶಾಲೆಗಳ ವ್ಯಾಪ್ತಿಯ ಗಡಿಗಳನ್ನು ಹೊಸದಾಗಿ ಬರೆದರು. ಅಕ್ಕಪಕ್ಕದ ಮನೆಯ ಮಕ್ಕಳು ಬೇರೆ ಬೇರೆ ಶಾಲೆಗೆ ಹೋಗುವಂತಾಯಿತು. ಒಂದು ಶಾಲೆಯಲ್ಲಿ ಮಾತೆತ್ತಿದರೆ ಸಸ್ಪೆಂಡ್, ಇನ್ನೊಂದರಲ್ಲಿ ಅಷ್ಟಿಲ್ಲ. ಮಕ್ಕಳು ಒಂದೇ ಬಗೆಯವರು, ಶಾಲೆ ಬೇರೆ. ಅವರು ದೊಡ್ಡವರಾದ ಮೇಲೆ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಕಠಿಣ ಶಾಲೆಗೆ ಬಿದ್ದವರು ಮುಂದೆ ಬಂಧನಕ್ಕೊಳಗಾಗುವ, ಜೈಲು ಸೇರುವ ಸಾಧ್ಯತೆ ಶೇ. 15ರಿಂದ 20ರಷ್ಟು ಹೆಚ್ಚಿತ್ತು. ಕಾಲೇಜು ಸೇರಿದವರು ಕಡಿಮೆ. ಗಂಡುಮಕ್ಕಳ ಮೇಲೆ, ಅಲ್ಪಸಂಖ್ಯಾತ ಮಕ್ಕಳ ಮೇಲೆ ಈ ಪರಿಣಾಮ ಜಾಸ್ತಿ. ಅಂದರೆ ಗಿಡ ಬಗ್ಗಲಿಲ್ಲ, ಮುರಿಯಿತು.

ಯಾಕೆ ಮುರಿಯುತ್ತದೆ ಅಂತ ಯೋಚಿಸಿದರೆ ಕಷ್ಟದ ಲೆಕ್ಕ ಏನಲ್ಲ. ಹತ್ತು ದಿನ ಶಾಲೆ ತಪ್ಪಿದ ಹುಡುಗ ಗಣಿತದಲ್ಲಿ ಹಿಂದೆ ಬೀಳುತ್ತಾನೆ. ಮನೆಯಲ್ಲಿ ಅಪ್ಪ ಅಮ್ಮ ಕೆಲಸಕ್ಕೆ ಹೋಗಿರುತ್ತಾರೆ, ಅವನು ಬೀದಿಯಲ್ಲಿರುತ್ತಾನೆ. ವಾಪಸ್ಸು ಬಂದಾಗ ಪಾಠ ಅರ್ಥವಾಗಲ್ಲ. ಅರ್ಥವಾಗದವನು ಕ್ಲಾಸಿನಲ್ಲಿ ಗಲಾಟೆ ಮಾಡುತ್ತಾನೆ. ಮತ್ತೆ ಸಸ್ಪೆಂಡ್. ಅವನ ಜೊತೆ ಕೂತು ಮಾತಾಡೋಕೆ ಎಷ್ಟೋ ಶಾಲೆಗಳಲ್ಲಿ ಯಾರೂ ಇಲ್ಲ. ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು 2019ರಲ್ಲಿ ಸರ್ಕಾರದ ಅಂಕಿಗಳನ್ನೇ ಜೋಡಿಸಿ ತೋರಿಸಿತು: ಪೊಲೀಸ್ ಇದ್ದು, ಕೌನ್ಸೆಲರ್, ನರ್ಸ್, ಮನಶ್ಶಾಸ್ತ್ರಜ್ಞ, ಸಮಾಜ ಕಾರ್ಯಕರ್ತ ಈ ನಾಲ್ವರಲ್ಲಿ ಯಾರಾದರೊಬ್ಬರು ಇಲ್ಲದ ಶಾಲೆಗಳಲ್ಲಿ 1 ಕೋಟಿ 40 ಲಕ್ಷ ಮಕ್ಕಳು ಓದುತ್ತಿದ್ದರು.

ಇಷ್ಟೆಲ್ಲ ಆದ ಮೇಲೂ ಯಾರಾದರೂ ಕೇಳಬಹುದು. ಇದು ಶಿಕ್ಷಣದ ಸಮಸ್ಯೆ, ಪೊಲೀಸ್ ಸಮಸ್ಯೆ ಸರಿ. ಪ್ರಜಾಪ್ರಭುತ್ವಕ್ಕೂ ಇದಕ್ಕೂ ಏನು ಸಂಬಂಧ?

ಶಾಲೆ ಅಂದರೆ ಮಗು ನೋಡುವ ಮೊದಲ ಸರ್ಕಾರ. ಅದಕ್ಕೆ ಪಾರ್ಲಿಮೆಂಟ್ ಗೊತ್ತಿಲ್ಲ, ಗವರ್ನರ್ ಗೊತ್ತಿಲ್ಲ. ಮೇಷ್ಟ್ರು ಗೊತ್ತು. ತಪ್ಪು ಮಾಡಿದಾಗ ನನ್ನ ಮಾತು ಕೇಳುತ್ತಾರಾ? ನಿಯಮ ಎಲ್ಲರಿಗೂ ಒಂದೇನಾ? ದೊಡ್ಡವರು ತಪ್ಪು ಮಾಡಿದರೆ ಪ್ರಶ್ನೆ ಕೇಳಬಹುದಾ? ಪೌರನೀತಿ ಪುಸ್ತಕ ಓದುವ ಎಷ್ಟೋ ಮೊದಲೇ ಮಗು ಈ ಪ್ರಶ್ನೆಗಳಿಗೆ ಉತ್ತರ ಕಲಿತುಬಿಟ್ಟಿರುತ್ತದೆ.

ಸಾರಾ ಬ್ರೂಕ್ ಮತ್ತು ಜೋ ಸಾಸ್ ಎಂಬ ಸಂಶೋಧಕರು 2018ರಲ್ಲಿ ಇದನ್ನು ಅಂಕಿಗಳಲ್ಲಿ ತೋರಿಸಿದರು. 1990ರ ದಶಕದ ಮಧ್ಯದಲ್ಲಿ ಶಾಲೆಯಲ್ಲಿದ್ದ ಸಾವಿರಾರು ಮಕ್ಕಳನ್ನು ಯೌವನದವರೆಗೆ ಹಿಂಬಾಲಿಸಿದ ರಾಷ್ಟ್ರೀಯ ಸಮೀಕ್ಷೆ ಅವರ ಆಧಾರ. ಶಾಲೆಯಲ್ಲಿ ಹೆಚ್ಚು ಶಿಕ್ಷೆಗೆ ಗುರಿಯಾದವರು, ಶಿಕ್ಷಕರು ನ್ಯಾಯವಾಗಿ ನಡೆದುಕೊಳ್ಳಲಿಲ್ಲ ಅನಿಸಿದವರು, ದೊಡ್ಡವರಾದ ಮೇಲೆ ಮತ ಹಾಕೋದು ಕಡಿಮೆ, ಸರ್ಕಾರದ ಮೇಲೆ ನಂಬಿಕೆಯೂ ಕಡಿಮೆ. ಆರನ್ ಕುಪ್ಚಿಕ್ ಮತ್ತು ಥಾಮಸ್ ಕ್ಯಾಟ್ಲಾ ಅವರಿಗೂ ಇದೇ ಕಂಡಿತ್ತು: ಸಸ್ಪೆಂಡ್ ಆದವರು ವರ್ಷಗಳ ನಂತರವೂ ಮತದಾನದಿಂದ, ಊರಿನ ಸ್ವಯಂಸೇವೆಯಿಂದ ದೂರ ಉಳಿಯುವುದು ಜಾಸ್ತಿ. ವೆಸ್ಲಾ ವೀವರ್ ಮತ್ತು ಏಮಿ ಲರ್ಮನ್ ವಯಸ್ಕರನ್ನು ಅಧ್ಯಯನ ಮಾಡಿ, ಪೊಲೀಸ್ ಮತ್ತು ಜೈಲಿನ ಸಂಪರ್ಕ ಹೆಚ್ಚಿದಷ್ಟೂ ಜನ ಸರ್ಕಾರದಿಂದ ಹಿಂದೆ ಸರಿಯುತ್ತಾರೆ ಅಂತ ತೋರಿಸಿದರು. ಮತ ಹಾಕದ ಈ ಜನರನ್ನು ಸೋಮಾರಿಗಳು ಅಂತ ಬೈಯೋದು ಸುಲಭ. ಆದರೆ ಅವರು ಪಾಠ ಕಲಿತವರು. ಸರ್ಕಾರ ಅಂದರೆ ಕಣ್ತಪ್ಪಿಸಿಕೊಂಡು ಓಡಾಡಬೇಕಾದ ವಸ್ತು ಅನ್ನೋದೇ ಅವರಿಗೆ ಸಿಕ್ಕ ಪಾಠ.

ಇದಕ್ಕೆ ಕಾನೂನಿನ ಬೀಗವೂ ಸೇರುತ್ತದೆ. ಒಂದು ವಿಷಯ ಸ್ಪಷ್ಟ ಇರಲಿ: ಮಕ್ಕಳ ನ್ಯಾಯಾಲಯದ ತೀರ್ಪಿನಿಂದ ಮತದ ಹಕ್ಕು ಹೋಗೋದಿಲ್ಲ. ಆದರೆ ಆ ಕೊಳವೆಯಲ್ಲಿ ಸಾಗಿ, ವಯಸ್ಕನಾಗಿ ಗಂಭೀರ ಅಪರಾಧದ ಶಿಕ್ಷೆ ಆದರೆ, ಬಹುತೇಕ ರಾಜ್ಯಗಳಲ್ಲಿ ಹಕ್ಕು ಹೋಗುತ್ತದೆ. ನಮ್ಮ ದೇಶದಲ್ಲಿ ಜೈಲಿನೊಳಗೆ ಇದ್ದಷ್ಟು ದಿನ ಮತ ಹಾಕುವಂತಿಲ್ಲ, ಹೊರಗೆ ಬಂದರೆ ಹಾಕಬಹುದು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಶಿಕ್ಷೆ ಮುಗಿಸಿ ಮನೆಗೆ ಬಂದ ಮೇಲೂ ಹಕ್ಕು ತಾನಾಗಿ ಮರಳೋದಿಲ್ಲ. ಮೇನ್ ಮತ್ತು ವರ್ಮಾಂಟ್ ರಾಜ್ಯಗಳಲ್ಲಿ ಮಾತ್ರ ಕೈದಿಗಳೂ ಮತ ಹಾಕಬಹುದು, ಜೊತೆಗೆ ರಾಜಧಾನಿ ವಾಷಿಂಗ್ಟನ್‌ನಲ್ಲಿ. 2024ರ ಚುನಾವಣೆಯ ಹೊತ್ತಿಗೆ ಹೀಗೆ ಹಕ್ಕು ಕಳೆದುಕೊಂಡವರು ಸುಮಾರು 40 ಲಕ್ಷ ಜನ.

ಮೆರಿಡಿಯನ್ ಇರುವ ಮಿಸಿಸಿಪಿಯ ನಿಯಮ ಇವುಗಳಲ್ಲಿ ಅತಿ ಕಠಿಣವಾದವುಗಳಲ್ಲಿ ಒಂದು. 1890ರ ಸಂವಿಧಾನದಲ್ಲಿ ಅದು ಕೆಲವು ಅಪರಾಧಗಳನ್ನು ಹೆಸರಿಸಿ, ಅವುಗಳಿಗೆ ಜೀವನಪೂರ್ತಿ ಮತದ ಹಕ್ಕು ಕಿತ್ತುಕೊಂಡಿತು. ಪಟ್ಟಿಯಲ್ಲಿ ಕಳ್ಳತನ ಇತ್ತು, ಸುಳ್ಳು ಹೇಳಿ ವಸ್ತು ಪಡೆಯೋದು ಇತ್ತು. ಕೊಲೆ ಇರಲಿಲ್ಲ! ಅದು ಸೇರಿದ್ದು 1968ರಲ್ಲಿ. ಕಪ್ಪು ಜನ ಮಾಡುತ್ತಾರೆ ಅಂತ ಆಗಿನ ಬಿಳಿಯರು ಭಾವಿಸಿದ್ದ ಅಪರಾಧಗಳನ್ನೇ ಆರಿಸಿ ಪಟ್ಟಿಗೆ ಹಾಕಿದ್ದರು. 1896ರಲ್ಲಿ ರಾಜ್ಯದ ಸುಪ್ರೀಂ ಕೋರ್ಟೇ ಇದನ್ನು ಮುಚ್ಚುಮರೆ ಇಲ್ಲದೆ ಬರೆಯಿತು. ಕಳೆದುಕೊಂಡ ಹಕ್ಕು ಮರಳಬೇಕಾದರೆ ರಾಜ್ಯಪಾಲರ ಕ್ಷಮಾದಾನ ಬೇಕು, ಇಲ್ಲವೇ ಒಬ್ಬೊಬ್ಬರ ಹೆಸರಿಗೂ ಶಾಸನಸಭೆಯ ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು.

ಮೆರಿಡಿಯನ್ ಊರಿಗೆ ಇನ್ನೊಂದು ಚರಿತ್ರೆಯೂ ಇದೆ. ಜೇಮ್ಸ್ ಚೇನಿ ಇದೇ ಊರಿನ ಹುಡುಗ. 1964ರ ಬೇಸಿಗೆಯಲ್ಲಿ, ಕಪ್ಪು ಜನರ ಹೆಸರು ಮತದಾರರ ಪಟ್ಟಿಗೆ ಸೇರಿಸುವ ಕೆಲಸದಲ್ಲಿದ್ದ ಅವನನ್ನೂ ಇಬ್ಬರು ಬಿಳಿಯ ಸಂಗಾತಿಗಳನ್ನೂ ಬಿಳಿಯರ ಮೇಲುಗೈಗಾಗಿ ಹಿಂಸೆಗಿಳಿದ ಕು ಕ್ಲಕ್ಸ್ ಕ್ಲಾನ್ ಗುಂಪು ಕೊಂದು ಮಣ್ಣಿನ ಅಣೆಕಟ್ಟೆಯೊಳಗೆ ಹೂತಿತು. ಆ ಗುಂಪಿನ ಜೊತೆ ಒಬ್ಬ ಪೊಲೀಸ್ ಅಧಿಕಾರಿಯೂ ಇದ್ದ. ಚೇನಿಗೆ ಆಗ 21 ವರ್ಷ. ಮರುವರ್ಷ ಮತದಾನ ಹಕ್ಕು ಕಾಯಿದೆ ಬಂತು. ಅದಾಗಿ 47 ವರ್ಷಕ್ಕೆ, ಅದೇ ಊರಿನ ಶಾಲೆಗಳಿಂದ ಕಪ್ಪು ಮಕ್ಕಳನ್ನು ಬೇಡಿ ಹಾಕಿ ಒಯ್ಯುತ್ತಿದ್ದಾರೆ ಅಂತ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನ್ಯಾಯಾಲಯಗಳು ಮಕ್ಕಳನ್ನು ಕಾಪಾಡಿಲ್ಲವೇ ಅಂದರೆ, ಅರ್ಧ ಮಟ್ಟಿಗೆ. 1969ರಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳು ತಮ್ಮ ಹಕ್ಕುಗಳನ್ನು ಶಾಲೆಯ ಗೇಟಿನಲ್ಲಿ ಬಿಟ್ಟು ಬರೋದಿಲ್ಲ ಎಂದಿತು. 1975ರಲ್ಲಿ ಸಸ್ಪೆಂಡ್ ಮಾಡುವ ಮೊದಲು ಕಾರಣ ಹೇಳಬೇಕು, ಮಗುವಿನ ಮಾತು ಕೇಳಬೇಕು ಎಂದಿತು. ಆದರೆ 1985ರಲ್ಲಿ, ಶಾಲೆಯವರು ಮಕ್ಕಳ ಬ್ಯಾಗ್ ಶೋಧಿಸಲು ಪೊಲೀಸರಿಗೆ ಬೇಕಾದಷ್ಟು ಬಲವಾದ ಆಧಾರ ಬೇಕಿಲ್ಲ, ಸಕಾರಣ ಅನುಮಾನ ಸಾಕು ಎಂದಿತು. ಶಾಲೆಯವರೂ ಪೊಲೀಸರೂ ಒಂದೇ ಕೊಠಡಿಯಲ್ಲಿ ಕೂತಾಗ ಏನಾಗುತ್ತದೆ ಅಂತ ನೀವೇ ಊಹಿಸಿ.

ಇದು ಬೇರೆಯವರ ಮನೆಯ ಕಥೆ ಅಂತ ಟೆಕ್ಸಾಸಿನ ಡಲ್ಲಾಸ್ ಸುತ್ತಮುತ್ತ ನೆಲೆಸಿರುವ ನಮ್ಮವರಿಗೆ ಅನಿಸಬಹುದು. ಅದೇ ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿ, 2015ರ ಸೆಪ್ಟೆಂಬರಿನಲ್ಲಿ, ಸುಡಾನ್ ಮೂಲದ 14 ವರ್ಷದ ಮುಸ್ಲಿಂ ಹುಡುಗನೊಬ್ಬ ತಾನು ಜೋಡಿಸಿದ ಗಡಿಯಾರವನ್ನು ಮೇಷ್ಟ್ರಿಗೆ ತೋರಿಸಲು ಶಾಲೆಗೆ ತಂದ. ಅದು ಬಾಂಬಿನಂತೆ ಕಾಣುತ್ತದೆ ಅಂತ ಪೊಲೀಸರು ಕೈಕೋಳ ಹಾಕಿ ಕರೆದೊಯ್ದರು. ಯಾವ ಕೇಸೂ ಆಗಲಿಲ್ಲ, ಆದರೂ ಮೂರು ದಿನ ಸಸ್ಪೆಂಡ್. ಅನುಮಾನದ ಕಣ್ಣು ಇವತ್ತು ಒಂದು ಬಣ್ಣದ ಮೇಲಿದ್ದರೆ ನಾಳೆ ಒಂದು ಹೆಸರಿನ ಮೇಲೆ ಬೀಳುತ್ತದೆ.

ಬೇರೆ ದಾರಿ ಹುಡುಕಿದವರೂ ಇದ್ದಾರೆ. ಜಾರ್ಜಿಯಾದ ಕ್ಲೇಟನ್ ಕೌಂಟಿಯಲ್ಲಿ ಮಕ್ಕಳ ನ್ಯಾಯಾಧೀಶರಾಗಿದ್ದ ಸ್ಟೀವನ್ ಟೆಸ್ಕಿ ಅವರಲ್ಲೊಬ್ಬರು. ಶಾಲೆಗಳಿಗೆ ಪೊಲೀಸರು ಬಂದ ಮೇಲೆ ಅವರ ನ್ಯಾಯಾಲಯಕ್ಕೆ ಬರುವ ಶಾಲಾ ಕೇಸುಗಳು ಕೆಲವು ಡಜನ್‌ನಿಂದ ಸಾವಿರ ದಾಟಿದವು. ಬಹುಪಾಲು ಚಿಲ್ಲರೆ ವಿಷಯಗಳು. 2004ರಲ್ಲಿ ಅವರು ಶಾಲೆ, ಪೊಲೀಸ್, ಪೋಷಕರು ಎಲ್ಲರನ್ನೂ ಕೂರಿಸಿ ಒಪ್ಪಂದ ಮಾಡಿಸಿದರು. ಸಣ್ಣ ತಪ್ಪಿಗೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ತಿಳಿವಳಿಕೆಯ ತರಗತಿ, ಮೂರನೇ ಸಲಕ್ಕೆ ಮಾತ್ರ ನ್ಯಾಯಾಲಯ. ಕೇಸುಗಳು ಕುಸಿದವು. ಹೈಸ್ಕೂಲು ಮುಗಿಸುವವರ ಪ್ರಮಾಣ ಏರಿತು. ಸಣ್ಣ ಕೇಸುಗಳಿಂದ ಬಿಡುವು ಸಿಕ್ಕ ಪೊಲೀಸರಿಗೆ ಮಕ್ಕಳೇ ಬಂದು ನಿಜವಾದ ಅಪಾಯದ ಸುಳಿವು ಕೊಡತೊಡಗಿದರು ಅಂತ ಟೆಸ್ಕಿ ಹೇಳುತ್ತಾ ಬಂದಿದ್ದಾರೆ. ಕ್ಯಾಲಿಫೋರ್ನಿಯಾ ರಾಜ್ಯ 'ಬೇಕೆಂದೇ ಎದುರಾಡಿದ' ಅನ್ನೋ ಕಾರಣಕ್ಕೆ ಮಕ್ಕಳನ್ನು ಸಸ್ಪೆಂಡ್ ಮಾಡೋದನ್ನು ಹಂತ ಹಂತವಾಗಿ ನಿಲ್ಲಿಸಿತು. 2024ರ ಜುಲೈನಿಂದ 12ನೇ ತರಗತಿಯವರೆಗೂ ಆ ನಿಷೇಧ ಇದೆ. ಮೆರಿಡಿಯನ್‌ನಲ್ಲೂ 2013ರಲ್ಲಿ ಶಾಲಾ ಮಂಡಳಿ ಒಪ್ಪಂದಕ್ಕೆ ಬಂತು. ಶಾಲೆಯೊಳಗೇ ಬಗೆಹರಿಯುವ ವಿಷಯಕ್ಕೆ ಪೊಲೀಸರನ್ನು ಕರೆಯುವಂತಿಲ್ಲ ಎಂದಾಯಿತು.

ಆದರೆ ದಾರಿ ನೇರವಾಗಿಲ್ಲ. ಪೊಲೀಸರ ಕೈಯಲ್ಲಿ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ನಂತರ, 2020ರಲ್ಲಿ ಮಿನಿಯಾಪೊಲಿಸ್, ಡೆನ್ವರ್, ಓಕ್‌ಲ್ಯಾಂಡ್ ನಗರಗಳು ಶಾಲೆಗಳಿಂದ ಪೊಲೀಸರನ್ನು ಹೊರಗೆ ಕಳಿಸಲು ತೀರ್ಮಾನಿಸಿದವು. 2023ರಲ್ಲಿ ಡೆನ್ವರ್‌ನ ಒಂದು ಹೈಸ್ಕೂಲಿನಲ್ಲಿ ಗುಂಡು ಹಾರಿತು, ಪೊಲೀಸರು ವಾಪಸ್ಸು ಬಂದರು. ಹೆತ್ತವರ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಶಿಕ್ಷಕರ ಕಷ್ಟವೂ ನಿಜ. ಮೂವತ್ತು ಮಕ್ಕಳ ಕ್ಲಾಸಿನಲ್ಲಿ ಒಬ್ಬನ ರಂಪಾಟ ಉಳಿದ 29 ಮಕ್ಕಳ ಪಾಠ ನುಂಗುತ್ತದೆ. ಆದರೆ 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡೆಯಲ್ಲಿ ಬಂದೂಕುಧಾರಿಯೊಬ್ಬ ಶಾಲೆಗೆ ನುಗ್ಗಿದಾಗ 376 ಪೊಲೀಸರು ಬಂದಿದ್ದರು. 77 ನಿಮಿಷ ಕಾದರು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಪೊಲೀಸರ ಸಂಖ್ಯೆ ಒಂದೇ ಸುರಕ್ಷತೆಯ ಅಳತೆ ಅಲ್ಲ.

ರಾಜಕೀಯವೂ ತಕ್ಕಡಿಯಂತೆ ತೂಗುತ್ತಿದೆ. 2014ರಲ್ಲಿ ಒಬಾಮ ಸರ್ಕಾರ, ಬಣ್ಣ ನೋಡಿ ಶಿಕ್ಷಿಸಬೇಡಿ ಅಂತ ಶಾಲೆಗಳಿಗೆ ಮಾರ್ಗಸೂಚಿ ಕಳಿಸಿತು. 2018ರ ಕೊನೆಗೆ ಟ್ರಂಪ್ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಮತ್ತೆ ಆದೇಶ ಹೊರಡಿಸಿ, ಶಿಸ್ತಿನ ವಿಷಯದಲ್ಲಿ ಜನಾಂಗದ ಲೆಕ್ಕ ನೋಡಬಾರದು ಎಂದರು.

ಕೊನೆಗೆ ಇಬ್ಬರು ಹುಡುಗಿಯರ ವಿಷಯ ಹೇಳಬೇಕು.

2015ರ ಅಕ್ಟೋಬರಿನಲ್ಲಿ ಸೌತ್ ಕ್ಯಾರೊಲಿನಾದ ಸ್ಪ್ರಿಂಗ್ ವ್ಯಾಲಿ ಹೈಸ್ಕೂಲಿನ ಗಣಿತ ಕ್ಲಾಸಿನಲ್ಲಿ ಒಬ್ಬ ಕಪ್ಪು ಹುಡುಗಿ ಫೋನ್ ವಿಷಯಕ್ಕೆ ಹೇಳಿದ ಮಾತು ಕೇಳಲಿಲ್ಲ. ಶಾಲೆಯ ಪೊಲೀಸ್ ಅಧಿಕಾರಿ ಬಂದು ಅವಳನ್ನು ಕುರ್ಚಿ ಸಮೇತ ಕೆಡವಿ ನೆಲದ ಮೇಲೆ ಎಳೆದ. ಇಡೀ ಕ್ಲಾಸು ತಲೆ ತಗ್ಗಿಸಿ ಕೂತಿತ್ತು. 18 ವರ್ಷದ ಒಬ್ಬ ಸಹಪಾಠಿ ಮಾತ್ರ ಇದು ತಪ್ಪು ಅಂತ ಗಟ್ಟಿಯಾಗಿ ಕೂಗಿದಳು. ಅವಳನ್ನೂ ಬಂಧಿಸಿದರು. 'ಶಾಲೆಗೆ ಅಡ್ಡಿಪಡಿಸುವುದು' ಅನ್ನೋ ಹಳೆಯ ಕಾನೂನು ಅವಳ ಮೇಲೆ ಬಿತ್ತು. 'ಅಸಹ್ಯವಾಗಿ ವರ್ತಿಸುವುದು' ಕೂಡ ಆ ಕಾನೂನಿನಲ್ಲಿ ಅಪರಾಧ. ಅವಳು ಶಾಲೆ ಬಿಟ್ಟಳು. ಆದರೆ ಸುಮ್ಮನಾಗಲಿಲ್ಲ. ಬೇರೆ ವಿದ್ಯಾರ್ಥಿಗಳ ಜೊತೆ ಸೇರಿ ರಾಜ್ಯದ ವಿರುದ್ಧ ದಾವೆ ಹೂಡಿದಳು. 2018ರಲ್ಲಿ ಶಾಸನಸಭೆ ಆ ಕಾನೂನು ವಿದ್ಯಾರ್ಥಿಗಳಿಗೆ ತಗುಲದಂತೆ ತಿದ್ದಿತು. ಅಷ್ಟರಲ್ಲಿ ಮಕ್ಕಳ ಹೆಸರಿನಲ್ಲಿ ಉಳಿದುಹೋಗಿದ್ದ ಹಳೆಯ ಕೇಸುಗಳಿಗಾಗಿ ಹೋರಾಟ ಮುಂದುವರಿಯಿತು. 2023ರ ಫೆಬ್ರವರಿಯಲ್ಲಿ ಕೇಂದ್ರದ ಮೇಲ್ಮನವಿ ನ್ಯಾಯಾಲಯ ಆ ಕಾನೂನು ಸಂವಿಧಾನಕ್ಕೆ ವಿರುದ್ಧ, ಯಾರು ಏನು ಮಾಡಿದರೆ ತಪ್ಪು ಅಂತಲೇ ಅದರಿಂದ ತಿಳಿಯದು ಎಂಬ ತೀರ್ಪನ್ನು ಎತ್ತಿಹಿಡಿಯಿತು.

ಇನ್ನೊಬ್ಬಳು ಕ್ಲಾಡೆಟ್ ಕಾಲ್ವಿನ್. 1955ರ ಮಾರ್ಚ್ 2ರಂದು ಅಲಬಾಮಾದ ಮಾಂಟ್ಗೊಮರಿಯಲ್ಲಿ ಅವಳು ಶಾಲೆ ಮುಗಿಸಿ ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದಳು. ವಯಸ್ಸು 15. ಅದರ ಹಿಂದಿನ ತಿಂಗಳು ಶಾಲೆಯಲ್ಲಿ ಕಪ್ಪು ಜನರ ಚರಿತ್ರೆಯ ಪಾಠ ಆಗಿತ್ತು. ಬಿಳಿಯರಿಗೆ ಸೀಟು ಬಿಡು ಅಂದಾಗ ಅವಳು ಏಳಲಿಲ್ಲ. ಇದು ನನ್ನ ಸಾಂವಿಧಾನಿಕ ಹಕ್ಕು ಅಂದಳು. ಗುಲಾಮಗಿರಿಯ ವಿರುದ್ಧ ಹೋರಾಡಿದ ಇಬ್ಬರು ಕಪ್ಪು ಮಹಿಳೆಯರು, ಒಂದು ಭುಜದ ಮೇಲೆ ಹ್ಯಾರಿಯೆಟ್ ಟಬ್‌ಮನ್, ಇನ್ನೊಂದರ ಮೇಲೆ ಸೊಜೋರ್ನರ್ ಟ್ರೂತ್ ಕೈಯಿಟ್ಟು ಕೂರಿಸಿದಂತಿತ್ತು ಅಂತ ಆಮೇಲೆ ನೆನಪು ಮಾಡಿಕೊಂಡಳು. ಬಸ್ಸಿನಲ್ಲಿ ಹೀಗೇ ಸೀಟು ಬಿಡದೆ ಹೆಸರಾದ ರೋಸಾ ಪಾರ್ಕ್ಸ್ ಬಂಧನಕ್ಕೆ ಒಂಬತ್ತು ತಿಂಗಳು ಮೊದಲಿನ ಮಾತು ಇದು. ಪೊಲೀಸರು ಅವಳನ್ನು ಬಸ್ಸಿನಿಂದ ಎಳೆದು ಕೈಕೋಳ ಹಾಕಿದರು. ಮಕ್ಕಳ ನ್ಯಾಯಾಲಯ ಪ್ರೊಬೇಷನ್ ಕೊಟ್ಟಿತು. ಎಷ್ಟು ದಿನ ಅಂತ ಹೇಳಲಿಲ್ಲ. ಮರುವರ್ಷ, ಬಸ್ಸಿನ ಬೇರ್ಪಡಿಕೆಯನ್ನು ಕೊನೆಗಾಣಿಸಿದ ಕೇಸಿನಲ್ಲಿ ದಾವೆ ಹೂಡಿದವರಲ್ಲಿ ಅವಳೂ ಒಬ್ಬಳಾಗಿದ್ದಳು. ಆದರೆ ಆ ಪ್ರೊಬೇಷನ್ ಮುಗಿಯಿತು ಅಂತ ಯಾರೂ ಅವಳಿಗೆ ತಿಳಿಸಲಿಲ್ಲ. ಅವಳು ಊರಿಗೆ ಬಂದಾಗಲೆಲ್ಲ ಮನೆಯವರಿಗೆ ಅದೇ ಆತಂಕ. 2021ರಲ್ಲಿ, 82 ವರ್ಷದ ಆ ಅಜ್ಜಿ ಮಾಂಟ್ಗೊಮರಿಯ ಮಕ್ಕಳ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟು, ತಾನು ಇನ್ನು ಬಾಲಾಪರಾಧಿಯಲ್ಲ ಅಂತ ಬರೆಸಿಕೊಂಡು ಬಂದರು.